ವೈರಿಮು ಕಾಲೇಜಿಗೆ ಹೊರಟ ಚಳಿಗಾಲ

ಹೋದ ವಾರ ಫಿಲೋಮಿನಾ ಟೀಚರ್ ಮನೆಗೆ ಊಟಕ್ಕೆಂದು ನೈರೋಬಿಯ ಲೊರೆಶೋ ಬಡಾವಣೆಗೆ ಹೋಗಿದ್ದೆವು. ಊರಿನ ಇನ್ನೊಂದು ಬದಿಯ ಲಂಗಾಟಾಗೆ ಮನೆ ಬದಲಿಸಿದ ಮೇಲೆ ಆ ಕಡೆ ಹೋಗುವುದೇ ಅಪರೂಪವಾಗಿದೆ. ಕಾರಿನಿಂದ ಇಳಿದರೆ, ಗೇಟಿನ ಪಕ್ಕದ ಸೈಪ್ರಸ್ ಬೇಲಿಯನ್ನು ಆಗತಾನೇ ಕತ್ತರಿಸಿದ್ದರು. ತುಂತುರಿನಲ್ಲಿ ನೆನೆದ ಹಸಿ ಸೊಪ್ಪು ರಸ್ತೆಯ ಅಂಚಿನಲ್ಲಿ ರಾಶಿ ಬಿದ್ದಿತ್ತು. ಒಂಚೂರು ಕರ್ಪೂರ, ಒಂಚೂರು ನಿಂಬೆಸಿಪ್ಪೆ ಬೆರೆತಂಥ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಗಂಡ ಶ್ರೀಧರ್ ತಿರುಗಿ ನೋಡಿ, "ಏನಾಯ್ತು?" ಅಂದರು. ಏನಿಲ್ಲ ಅಂದೆ. ಆ ರಸ್ತೆಯಲ್ಲಿ ನಾವಿದ್ದ ಮೊದಲ ಚಳಿಗಾಲ ಇಡಿಯಾಗಿ ಎದುರು ಬಂದು ನಿಂತಿತ್ತು ಎಂದು ಊಟಕ್ಕೆ ಹೊರಟವರಿಗೆ ಹೇಗೆ ಹೇಳುವುದು?

ಆಫ್ರಿಕಾ ಅಂದರೆ ಬಿಸಿಲು ಎಂದುಕೊಂಡು ಬಂದವಳು ನಾನು. ನೈರೋಬಿಯ ಜುಲೈ ತಿಂಗಳು ಆ ಭ್ರಮೆಯನ್ನು ಬಿಡಿಸಿತು. ಬೆಳಗಾಗಿ ಎಷ್ಟು ಹೊತ್ತಾದರೂ ಸೂರ್ಯನ ಸುಳಿವಿಲ್ಲ. ಹಂಡೆಗೆ ಮುಚ್ಚಳ ಹಾಕಿದ ಹಾಗೆ ಬೂದು ಮೋಡ ಊರಿನ ಮೇಲೆ ಕೂತರೆ ಸಂಜೆಯವರೆಗೂ ಏಳುವುದಿಲ್ಲ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತಿತ್ತು, ದೋಸೆ ಹಿಟ್ಟು ಹುಳಿಯೇ ಬರುತ್ತಿರಲಿಲ್ಲ. ಶ್ರೀಧರ್ ಬ್ಯಾಂಕಿನಲ್ಲಿ ಕೆಲಸದವರು. ಬೆಂಗಳೂರಿನಿಂದ ಅವರನ್ನು ಇಲ್ಲಿಗೆ ಕಳಿಸಿದ್ದರು. ನಾನು ಮೈಸೂರಿನವಳು, ಬಿ.ಕಾಂ. ಓದಿ ಆಡಿಟರೊಬ್ಬರ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದವಳು. ಇಲ್ಲಿ ನನ್ನದು ಗಂಡನ ಜೊತೆ ಬಂದವಳ ವೀಸಾ. ಸಂಬಳದ ಕೆಲಸ ಮಾಡುವ ಹಾಗಿಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ಕಿಟಕಿಯ ಹತ್ತಿರ ಶಾಲು ಹೊದ್ದು ಕೂತು ಬೇಲಿ ನೋಡುವುದೇ ನನ್ನ ಉದ್ಯೋಗವಾಗಿತ್ತು.

ಫಿಲೋಮಿನಾ ಟೀಚರ್ ನಮ್ಮ ಎದುರು ಮನೆಯವರು. ಮಂಗಳೂರಿನಿಂದ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ಸ್ವಾಹಿಲಿ, ನನ್ನ ಜೊತೆ ತಮ್ಮ ಊರಿನ ಕನ್ನಡ. ಒಂದು ದಿನ ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದರು.

"ಮನೆಯಲ್ಲಿ ಕೂತು ಎಂಥ ಮಾಡ್ತೀರಿ ಮಾರಾಯ್ರೆ? ಶನಿವಾರ ನನ್ನ ಜೊತೆ ಬನ್ನಿ. ನಿಮಗೆ ಕಂಪ್ಯೂಟರ್ ಬರ್ತದಲ್ಲ, ಅಷ್ಟು ಸಾಕು."

"ಎಲ್ಲಿಗೆ ಟೀಚರ್?"

"ಇಲ್ಲೇ ಕಂಗೇಮಿಗೆ. ಮಕ್ಕಳ ಕಾಲೇಜಿನ ಅರ್ಜಿ ತುಂಬ್ಲಿಕ್ಕೆ ಉಂಟು."

ಲೊರೆಶೋದ ತೋಟದ ಮನೆಗಳ ಬೆನ್ನಿಗೇ, ಒಂದು ತಗ್ಗು ದಾಟಿದರೆ, ಕಂಗೇಮಿಯ ತಗಡಿನ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಅಲ್ಲಿನ ಚರ್ಚಿನ ಹಾಲಿನಲ್ಲಿ ಶನಿವಾರ ಶನಿವಾರ ಮಕ್ಕಳು ಸೇರುತ್ತಿದ್ದರು. ಪರೀಕ್ಷೆ ಮುಗಿದು, ಯಾರಿಗೆ ಯಾವ ವಿಶ್ವವಿದ್ಯಾಲಯ ಎಂದು ಸರ್ಕಾರ ಆಗಲೇ ಹಂಚಿತ್ತು. ಉಳಿದದ್ದು ಫೀಸಿನ ಪ್ರಶ್ನೆ. ಮನೆಯ ಪರಿಸ್ಥಿತಿ ನೋಡಿ ಸರ್ಕಾರ ಒಂದು ಪಾಲನ್ನು ಅನುದಾನವಾಗಿ ಕೊಡುತ್ತದೆ, ಒಂದು ಪಾಲನ್ನು ಸಾಲವಾಗಿ. ಮಿಕ್ಕದ್ದನ್ನು ಮನೆಯವರು ಹೊಂದಿಸಬೇಕು. ಅದಕ್ಕೆ ಅರ್ಜಿ. ಮನೆಗೆ ಎಷ್ಟು ಕೋಣೆ, ಅಡುಗೆ ಯಾವುದರ ಮೇಲೆ, ನೀರು ಎಲ್ಲಿಂದ, ತಂದೆ ಇದ್ದಾರೋ ಇಲ್ಲವೋ ಎಲ್ಲವನ್ನೂ ಕೇಳುತ್ತಿದ್ದರು. ಆಗತಾನೇ ಶಾಲೆ ಮುಗಿಸಿದ ಮಕ್ಕಳು ತಮ್ಮ ಮನೆಯ ಇಲ್ಲಗಳನ್ನೆಲ್ಲ ನನ್ನ ಕಿವಿಯ ಹತ್ತಿರ ಪಿಸುಗುಡುತ್ತಿದ್ದರು. ಕಡಿಮೆ ಹೇಳಿದರೆ ಹಣ ಸಿಗದು, ಹೆಚ್ಚು ಹೇಳಲು ಮರ್ಯಾದೆ ಬಿಡದು. ನಾನು ಟೈಪು ಮಾಡುತ್ತಿದ್ದೆ.

ವೈರಿಮು ಸಿಕ್ಕಿದ್ದು ಅಲ್ಲಿ. ಎತ್ತರದ ಹುಡುಗಿ. ಶಾಲೆ ಮುಗಿದು ಎಷ್ಟೋ ದಿನವಾಗಿದ್ದರೂ ಶಾಲೆಯ ಹಸಿರು ಸ್ವೆಟರನ್ನೇ ಹಾಕಿಕೊಂಡಿದ್ದಳು. ಕೂತವಳು ಪಿಸುಗುಡಲಿಲ್ಲ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಒಂದು ಕೋಣೆ. ಇದ್ದಿಲ ಒಲೆ. ತಂದೆ ಇಲ್ಲ. ತಾಯಿ ಸಂತೆಯಲ್ಲಿ ಹಳೇ ಬಟ್ಟೆ ಮಾರುತ್ತಾರೆ. ಅವಳಿಗೆ ಸಿಕ್ಕಿದ್ದು ಕಿಸುಮು ಕಡೆ, ದೊಡ್ಡ ಸರೋವರದ ದಡದ ವಿಶ್ವವಿದ್ಯಾಲಯ, ಮೀನುಗಾರಿಕೆಯ ಪದವಿ.

"ಸರೋವರ ನೋಡಿದೀಯಾ?" ಎಂದು ಕೇಳಿದೆ. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ನೆನಪಾಗುವುದು ಮಾತ್ರ ನನಗೆ ಕನ್ನಡದಲ್ಲೇ.

"ಇಲ್ಲ ಆಂಟಿ."

"ಮೀನು ತಿಂತೀಯಾ?"

"ನಮ್ಮ ಮನೆಯಲ್ಲಿ ಯಾರೂ ತಿನ್ನಲ್ಲ. ಅಜ್ಜಿಗಂತೂ ವಾಸನೆನೇ ಆಗಲ್ಲ."

"ಮತ್ತೆ ಇದನ್ನ ಯಾಕೆ ಆರಿಸ್ಕೊಂಡೆ?"

ಅವಳು ಸ್ವಲ್ಪ ಯೋಚಿಸಿದಳು. "ನೆಲದ ಮೇಲಿರೋದನ್ನ ಎಲ್ಲರೂ ನೋಡಿ ಆಗಿದೆ. ನೀರಿನ ಒಳಗಿರೋದನ್ನ ಇನ್ನೂ ಯಾರೂ ಸರಿಯಾಗಿ ನೋಡಿಲ್ಲ."

ಫಿಲೋಮಿನಾ ಟೀಚರ್ ಪಕ್ಕದ ಮೇಜಿನಿಂದ ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ತನ್ನ ಅರ್ಜಿ ಮುಗಿದ ಮೇಲೂ ವೈರಿಮು ಪ್ರತಿ ಶನಿವಾರ ಬರುತ್ತಿದ್ದಳು, ಉಳಿದವರ ಅರ್ಜಿಗೆ ಕೈ ಜೋಡಿಸಲು. ವಾರದ ನಡುವೆ, ನನ್ನ ಲ್ಯಾಪ್‌ಟಾಪಿನಲ್ಲಿ ಮೀನುಗಳ ಬಗ್ಗೆ ಓದಲು ನಮ್ಮ ಮನೆಗೂ ಬರತೊಡಗಿದಳು. ಚಿತ್ರಾನ್ನ ಹಿಡಿಸಿತು, ಹುಳಿ ಹಿಡಿಸಲಿಲ್ಲ. "ಸಾಕು", "ಇನ್ನೊಂಚೂರು" ಎಂಬೆರಡು ಮಾತು ಕಲಿತಳು. ಅವಳು ಬರುವ ದಿನ ನಾನು ಬೆಳಗ್ಗೆಯೇ ಎದ್ದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ, ಹಬ್ಬಕ್ಕೆ ಹಾಕಿಕೊಳ್ಳುವ ಹಾಗೆ. ತಗ್ಗು ಹತ್ತಿ ಬಂದವಳ ಸ್ವೆಟರಿಗೆ ಮಂಜಿನ ಹನಿ ಅಂಟಿಕೊಂಡಿರುತ್ತಿತ್ತು. ಟವೆಲು ಹಿಡಿದು ಬಾಗಿಲಲ್ಲೇ ನಿಂತಿರುತ್ತಿದ್ದೆ. ಕೊಟ್ಟರೆ ತಾನೇ ಒರೆಸಿಕೊಳ್ಳುತ್ತಿದ್ದಳು. ನನಗೆ ಒರೆಸಬೇಕು ಅನ್ನಿಸುತ್ತಿತ್ತು.

ಆ ತಿಂಗಳ ಕೊನೆಯಲ್ಲಿ ಸರ್ಕಾರದ ತೀರ್ಮಾನ ಬಂತು. ಹಾಲಿನಲ್ಲಿ ಒಬ್ಬೊಬ್ಬರ ಫೋನೂ ಸದ್ದು ಮಾಡಿತು, ಮಕ್ಕಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ವೈರಿಮು ಫೋನನ್ನು ನನ್ನ ಮುಂದೆ ಇಟ್ಟಳು. ಅವರ ಮನೆಯನ್ನು ಅನುಕೂಲಸ್ಥರ ಗುಂಪಿಗೆ ಸೇರಿಸಿದ್ದರು. ಅನುದಾನ ಅಂದರೆ ಹೆಸರಿಗಷ್ಟೆ, ಉಳಿದ ಹೊರೆಯೆಲ್ಲ ಮನೆಯ ಮೇಲೆ. ತಂದೆ ಸಂಬಳದ ಡ್ರೈವರ್ ಎಂದು ಯಾವುದೋ ಹಳೆಯ ದಾಖಲೆಯಲ್ಲಿ ಹಾಗೆಯೇ ಉಳಿದುಕೊಂಡಿತ್ತು. ಆತ ತೀರಿಕೊಂಡಾಗ ಅವಳಿನ್ನೂ ಸಣ್ಣ ತರಗತಿಯಲ್ಲಿದ್ದಳು.

"ಅವರ ಲೆಕ್ಕದಲ್ಲಿ ಅಪ್ಪ ಇನ್ನೂ ಕೆಲಸಕ್ಕೆ ಹೋಗ್ತಾ ಇದಾರೆ," ಅಂದಳು ವೈರಿಮು.

ಮನೆಗೆ ಬಂದವಳಿಗೆ ಬೇರೇನೂ ತೋಚಲಿಲ್ಲ. ನಮ್ಮಲ್ಲಿ ಒಂದು ಉಳಿತಾಯವಿತ್ತು.

ಅದರ ಕತೆ ಹೇಳಬೇಕು. ಮೈಸೂರಿನಲ್ಲಿ ನಾನು ಬಸುರಿಯಾಗಿ ಐದನೇ ತಿಂಗಳಲ್ಲಿದ್ದಾಗ, ಶ್ರೀಧರ್ ಒಂದು ಸಂಜೆ ನಗುನಗುತ್ತ ಬಂದು, ಮಗುವಿನ ಕಾಲೇಜಿಗೆ ಅಂತ ತಿಂಗಳು ತಿಂಗಳು ಕಟ್ಟುವ ಯೋಜನೆ ಶುರುಮಾಡಿದೆ ಎಂದಿದ್ದರು. ಹುಟ್ಟದ ಮಗುವಿಗೆ ಕಾಲೇಜೇ ಎಂದು ನಮ್ಮತ್ತೆ ಗದರಿದ್ದರು. ಬ್ಯಾಂಕಿನವನ ಮಗು, ಮೊದಲು ತೊಟ್ಟಿಲಲ್ಲ, ಮೊದಲು ಡಿಪಾಸಿಟ್ ಎಂದು ಇವರು ನಕ್ಕಿದ್ದರು. ಎಂಟು ತುಂಬಿದಾಗ ಹೆರಿಗೆಯಾಯಿತು. ಹೆಣ್ಣು ಮಗು. ಅಳಲಿಲ್ಲ. ಆಮೇಲೆ ಇನ್ನೊಂದು ಮಗುವಿನ ಮಾತನ್ನು ಡಾಕ್ಟರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆ ಯೋಜನೆಯನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ಪ್ರತಿ ತಿಂಗಳು ಸಂಬಳ ಬಂದ ಕೂಡಲೇ ಅದಕ್ಕೆ ಅಷ್ಟು ಹೋಗುತ್ತಿತ್ತು. ಅದು ಹೋಗುತ್ತಿದೆ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು.

ಊಟಕ್ಕೆ ಕೂತಾಗ ಹೇಳಿದೆ. "ರೀ, ವೈರಿಮು ಫೀಸಿಗೆ ಅದರಿಂದ ತೆಗೆಯೋಣ."

ಯಾವುದರಿಂದ ಎಂದು ಅವರು ಕೇಳಲಿಲ್ಲ. "ಬೇರೆ ಏನಾದ್ರೂ ಮಾಡೋಣ ಸುಮಾ. ಅದನ್ನ ಮುಟ್ಟೋದು ಬೇಡ."

"ಯಾರಿಗೆ ಅಂತ ಇಟ್ಕೊಂಡಿದೀರಿ?"

ಕೇಳಬಾರದಿತ್ತೇನೋ, ಬಾಯಿಂದ ಬಂದುಬಿಟ್ಟಿತ್ತು. ಅವರು ಮೊಸರನ್ನಕ್ಕೆ ಕಾಯದೆ ಎದ್ದರು.

ಆಮೇಲೆ ವಾರವಿಡೀ ಮನೆಯಲ್ಲಿ ಬರೀ ಬೇಕಾದಷ್ಟೇ ಮಾತು. ಮುಂದಿನ ಭಾನುವಾರ ತರಕಾರಿ ತರಲು ಹೋದಾಗ ಕಾರು ನಿಲ್ಲಿಸಿ, ಇಳಿಯದೆ, ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಆಯ್ತು, ಕೊಡೋಣ. ಆದ್ರೆ ಪೂರ್ತಿ ಕ್ಲೋಸ್ ಮಾಡೋದು ಬೇಡ. ಎಷ್ಟು ಬೇಕೋ ಅಷ್ಟು ತಗೊಳ್ಳೋಣ. ಅಕೌಂಟ್ ಇರ್ಲಿ."

ನಾನು ಅವರ ತೋಳು ಹಿಡಿದುಕೊಂಡೆ. ಇಬ್ಬರೂ ಎದುರಿನ ಗಾಜನ್ನೇ ನೋಡುತ್ತಿದ್ದೆವು. ಒಳಗೆಲ್ಲ ಉಸಿರಿನ ಮಬ್ಬು ಕಟ್ಟಿತ್ತು.

ಮರುದಿನ ಬೆಳಗ್ಗೆ ಕಂಗೇಮಿ ಸಂತೆಗೆ ಹೋದೆ. ವೈರಿಮುವಿನ ತಾಯಿ ಜೇನ್ ನನ್ನ ಓರಗೆಯವಳು. ಹೊರದೇಶಗಳಿಂದ ಮೂಟೆಯಲ್ಲಿ ಬರುವ ಹಳೇ ಬಟ್ಟೆಗೆ ಇಲ್ಲಿ ಮಿಟುಂಬಾ ಎನ್ನುತ್ತಾರೆ. ಅದರಲ್ಲಿ ಮಕ್ಕಳ ಸ್ವೆಟರುಗಳನ್ನು ಆರಿಸಿ, ಒಗೆದು, ಗುಂಡಿ ಹೊಲಿದು ಅವಳು ಮಾರುತ್ತಿದ್ದಳು. ಚಳಿಗಾಲವೇ ಅವಳ ಸುಗ್ಗಿ. ಅವಳ ಅಂಗಡಿ ಅಂದರೆ ನಾಲ್ಕು ಗಳ, ಒಂದು ನೀಲಿ ತಾಡಪಾಲು. ನಾನು ಹೇಳಬೇಕೆಂದುಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ. ಜೇನ್ ಒಂದು ಸ್ವೆಟರಿನ ತೋಳು ಮಡಿಸುತ್ತ ಪೂರ್ತಿ ಕೇಳಿದಳು.

"ಅಸಾಂಟೆ," ಅಂದಳು. "ನಿಮ್ಮ ಯಜಮಾನರಿಗೂ ನನ್ನ ಧನ್ಯವಾದ ಹೇಳಿ. ಆದ್ರೆ ಬೇಡ."

"ಯಾಕೆ ಜೇನ್? ವಾಪಸ್ ಕೊಡೋದೇನೂ ಬೇಡ."

"ಅದಕ್ಕೇ ಬೇಡ." ಅವಳು ಸ್ಟೂಲನ್ನು ನನ್ನ ಕಡೆ ಸರಿಸಿ ಕೂರಲು ಹೇಳಿದಳು. "ನೀವು ಕಟ್ಟಿದ್ರೆ ಅವಳಿಗೆ ಇಬ್ಬರು ತಾಯಂದಿರು ಆಗ್ತಾರೆ. ರಜಕ್ಕೆ ಬಂದಾಗ ಮೊದಲು ಯಾರ ಮನೆಗೆ ಹೋಗ್ಬೇಕು ಅಂತ ಯೋಚನೆ ಮಾಡ್ತಾಳೆ. ನಾನೂ ಅದನ್ನೇ ಯೋಚನೆ ಮಾಡ್ತೀನಿ. ಒಬ್ಬ ತಾಯಿನ ಸಂಭಾಳಿಸೋದೇ ಅವಳಿಗೆ ಕಷ್ಟ."

ನಗುತ್ತಲೇ ಹೇಳಿದಳು. ನಾನೂ ನಗಲು ನೋಡಿದೆ. ನನ್ನ ಮನಸ್ಸಿನಲ್ಲಿದ್ದದ್ದನ್ನು ಇವಳು ಮೊದಲಿನಿಂದಲೂ ಕಂಡಿದ್ದಳು ಎಂದು ಆಗ ಗೊತ್ತಾಯಿತು. ಕಂಡಿದ್ದೂ ಮಗಳನ್ನು ನಮ್ಮ ಮನೆಗೆ ಕಳಿಸುತ್ತಿದ್ದಳು.

"ಸರ್ಕಾರ ಕೊಡಬೇಕಾದ್ದನ್ನ ಮೊದಲು ಸರ್ಕಾರದ ಹತ್ತಿರವೇ ಕೇಳೋಣ," ಅಂದಳು ಆಮೇಲೆ. "ಟೀಚರ್ ಹೇಳಿದ್ರು, ಮೇಲ್ಮನವಿ ಹಾಕಬಹುದಂತೆ. ಅದಕ್ಕೆ ಗಂಡನ ಮರಣಪತ್ರ ಬೇಕು, ಚೀಫ್ ಕಾಗದ ಬೇಕು. ಮರಣಪತ್ರಕ್ಕೆ ನಾನು ಗಂಡನ ಊರಿಗೆ ಹೋಗಿ ಬರ್ಬೇಕು. ಇಂಥ ಚಳಿಯಲ್ಲಿ ಅಂಗಡಿ ಮುಚ್ಚಿದ್ರೆ ನಷ್ಟ. ನಿಜವಾಗ್ಲೂ ಸಹಾಯ ಮಾಡ್ತೀನಿ ಅಂದ್ರೆ, ನಾಳೆ ಇಲ್ಲಿ ಬಂದು ಕೂತ್ಕೊಳ್ಳಿ."

"ನಾನಾ? ನನಗೆ ಮಾರೋಕೆ ಬರಲ್ಲ."

"ವೈರಿಮು ಇರ್ತಾಳೆ. ನೀವು ಕೂತಿದ್ರೆ ಸಾಕು, ನೋಡೋಕೇ ಜನ ಬರ್ತಾರೆ."

ಬಂದರು. ಇಂಡಿಯಾದ ಹೆಂಗಸೊಬ್ಬಳು ಮಿಟುಂಬಾ ಮಾರುತ್ತಿದ್ದಾಳೆ ಎಂಬ ಸುದ್ದಿ ಸಂತೆಯಲ್ಲಿ ಹಬ್ಬಿತು. ಟೊಮೆಟೊ ಮಾರುವವಳು ತನ್ನ ಅಂಗಡಿ ಬಿಟ್ಟು ಬಂದು ನನ್ನ ಎದುರೇ ನಿಂತು ನೋಡಿಹೋದಳು. ವೈರಿಮು ಕೂಗುತ್ತಿದ್ದಳು, ನಾನು ಮಡಿಸುತ್ತಿದ್ದೆ. ನಾನು ಹೇಳಿದ ಬೆಲೆಯನ್ನು ಕೇಳಿ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. "ಆಂಟಿ, ಅವರು ಕೇಳೋದಕ್ಕೆ ಮುಂಚೆನೇ ನೀವು ಇಳಿಸ್ತಾ ಇದೀರಿ." ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಬೀನ್ಸ್ ಕಾಳು ಮತ್ತು ಚಪಾತಿ ತಿಂದೆವು. ಮೋಡ ಸ್ವಲ್ಪ ಹೊತ್ತು ಬಿರಿದು, ಆ ವಾರದ ಒಂದೇ ಬಿಸಿಲು ನಮ್ಮ ನೀಲಿ ತಾಡಪಾಲಿನ ಮೂಲಕ ಇಳಿಯಿತು. ಅವಳ ಕೈ, ನನ್ನ ಕೈ, ಚಪಾತಿ ಎಲ್ಲ ನೀಲಿಯಾದವು. "ನೀರಿನ ಒಳಗೆ ಹೀಗೇ ಇರುತ್ತೇನೋ," ಅಂದಳು ವೈರಿಮು.

ಸಂಜೆಯ ಹೊತ್ತಿಗೆ ಬೆನ್ನಿಗೆ ಕೂಸು ಕಟ್ಟಿಕೊಂಡ ಒಬ್ಬಳು ಬಂದು, ಎಳೆಮಗುವಿನ ಹಳದಿ ಸ್ವೆಟರೊಂದನ್ನು ಆರಿಸಿದಳು. ಕೈಯಲ್ಲಿ ಹೆಣೆದದ್ದು, ಅಂಗೈಯಷ್ಟು ಬೆನ್ನು. ಯಾವ ದೇಶದ ಯಾವ ಅಜ್ಜಿ ಹೆಣೆದಿದ್ದಳೋ. ಅದನ್ನು ನಾನು ಬೆಳಗಿನಿಂದ ರಾಶಿಯ ಅಡಿಗೆ ತಳ್ಳಿ ತಳ್ಳಿ ಇಡುತ್ತಿದ್ದೆ, ಅವಳು ಹೇಗೋ ಎಳೆದು ತೆಗೆದಿದ್ದಳು. ಅಲ್ಲೇ ಕೂಸಿಗೆ ತೊಡಿಸಿದಳು. ಸರಿಯಾಗಿ ಕೂತಿತು. ಸಣ್ಣ ಕೈಯನ್ನು ತೋಳಿನಿಂದ ಹೊರಗೆ ಎಳೆಯಲು ಆಗದೆ ನನ್ನ ಕಡೆ ನೋಡಿದಳು. ಎಳೆದುಕೊಟ್ಟೆ. ಬೆರಳು ಬೆಚ್ಚಗಿದ್ದವು. ಹಣ ತೆಗೆದುಕೊಂಡದ್ದು ವೈರಿಮು. ಆಮೇಲೆ ಅವಳು ನನ್ನ ಪಕ್ಕಕ್ಕೆ ಬಂದು, ಭುಜಕ್ಕೆ ಭುಜ ತಾಗಿಸಿ ಕೂತಳು.

ಜೇನ್ ಊರಿನಿಂದ ಮರಣಪತ್ರ ತಂದಳು. ಚೀಫ್ ಅಂದರೆ ಆ ಭಾಗಕ್ಕೆ ಸರ್ಕಾರ ನೇಮಿಸಿದ ಅಧಿಕಾರಿ. ಅವರ ಕಚೇರಿಯ ಮುಂದಿನ ಬೆಂಚಿನಲ್ಲಿ ನಾವು ಮೂವರೂ ಕೂತೆವು, ಆ ದಿನ ಅವರಿಲ್ಲ ಅಂದರು, ಮತ್ತೊಂದು ದಿನ ಕೂತೆವು. ಮೇಲ್ಮನವಿಯನ್ನು ಚರ್ಚಿನ ಹಾಲಿನಲ್ಲಿ ನಾನೇ ಟೈಪು ಮಾಡಿದೆ. ಆಮೇಲೆ ಕಾಯುವುದು. ಆಗಸ್ಟಿನ ಚಳಿ ಜುಲೈಗೇನೂ ಕಡಿಮೆಯಿರಲಿಲ್ಲ. ಉಳಿದ ಮಕ್ಕಳು ಪೆಟ್ಟಿಗೆ, ಹಾಸಿಗೆ ಕೊಳ್ಳತೊಡಗಿದರು. ವೈರಿಮು ನಮ್ಮ ಮನೆಗೆ ಬರುವುದನ್ನು ಬಿಟ್ಟು ತಾಯಿಯ ಅಂಗಡಿಯಲ್ಲಿ ಕೂರತೊಡಗಿದಳು. ಒಂದು ದಿನ ಟೀಚರ್ ಹತ್ತಿರ, "ಆಗ್ದಿದ್ರೆ ಏನು ಮಾಡೋದು?" ಎಂದೆ.

"ಆಗದಿದ್ರೆ ಮತ್ತೊಮ್ಮೆ ಹಾಕುವ. ಅದಲ್ಲದೆ ಎಂಥ ಉಂಟು?" ಅಂದರು. ಆಮೇಲೆ, ಬೇರೆ ಸ್ವರದಲ್ಲಿ: "ಸುಮಾ, ಕೆಲಸ ಆಯ್ತು ಅಂತಾದ್ರೆ ಅವಳು ಹೋಗ್ತಾಳೆ. ಅದು ನಿಮಗೆ ಗೊತ್ತುಂಟಲ್ಲ?"

ಗೊತ್ತಿತ್ತು. ಆಗಲಿ ಎಂದು ದಿನವೂ ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಆದರೆ ಹೋಗುತ್ತಾಳಲ್ಲ ಎಂದು ಅಲ್ಲೇ ನಿಂತು ಸಂಕಟಪಡುತ್ತಿದ್ದೆ.

ಆಯಿತು. ತೀರ್ಮಾನ ಬದಲಾದ ಸುದ್ದಿ ತಿಳಿಸಲು ವೈರಿಮು ತಗ್ಗು ಹತ್ತಿ ಓಡಿ ಬಂದಳು. ಏದುಸಿರು ಬಿಡುತ್ತ ಫೋನನ್ನು ನನ್ನ ಕೈಗೆ ತುರುಕಿದಳು. ಅನುದಾನವನ್ನು ಹೆಚ್ಚಿಸಿದ್ದರು. ಅದರ ಮೇಲೆ ಸಾಲ. ಉಳಿದದ್ದನ್ನು ಸಂತೆಯ ಹೆಂಗಸರು ತಮ್ಮ ತಮ್ಮಲ್ಲೇ ನಡೆಸುವ ಚೀಟಿಯಿಂದ ಜೇನ್ ಎತ್ತಿದಳು. ಆ ದಿನ ಟವೆಲು ನನ್ನ ಕೈಯಲ್ಲೇ ಇತ್ತು. ಅವಳ ತಲೆ ಒರೆಸಿದೆ. ಅವಳು ಬಾಗಿ ಒರೆಸಿಕೊಂಡಳು.

ಹೊರಡುವ ದಿನ ಬೆಳಗ್ಗೆ ಪೇಟೆಯ ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಜೇನ್ ಕೊನೆಯ ಗಳಿಗೆಯವರೆಗೂ ಮಗಳಿಗೆ ಬೈಯುತ್ತಿದ್ದಳು, ಕಂಬಳಿ ಸರಿಯಾಗಿ ಕಟ್ಟಿಲ್ಲ, ಫೋನ್ ಕೈಯಲ್ಲಿ ಹಿಡಿಯಬೇಡ ಎಂದು. ವೈರಿಮು ತಾಯಿಯನ್ನು ಅಪ್ಪಿಕೊಂಡು, ಆಮೇಲೆ ನನ್ನ ಹತ್ತಿರ ಬಂದಳು. "ಸರೋವರ ನೋಡಿದ ತಕ್ಷಣ ಫೋಟೋ ಕಳಿಸ್ತೀನಿ ಆಂಟಿ." ಕಳಿಸಿದಳು ಕೂಡ. ಬರೀ ನೀರು, ಬರೀ ಬೆಳಕು, ಮೂಲೆಯಲ್ಲಿ ಅವಳ ಹೆಬ್ಬೆರಳು. ಈಗಲೂ ಅಲ್ಲೇ ಓದುತ್ತಿದ್ದಾಳೆ. ರಜಕ್ಕೆ ಬಂದಾಗ ನೇರ ತಾಯಿಯ ಮನೆಗೆ ಹೋಗುತ್ತಾಳೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ನಮ್ಮಲ್ಲಿಗೆ ಬಂದು ಊಟ ಮಾಡಿ ಹೋಗುತ್ತಾಳೆ. ಹಾಗೇ ಆಗಬೇಕಾದದ್ದು. ಬಸ್ಸು ಹಿಂದಕ್ಕೆ ಸರಿದು ತಿರುಗಿದಾಗ ನನಗೆ ಅಷ್ಟೆಲ್ಲ ತಿಳಿದಿರಲಿಲ್ಲ. ಕಿಟಕಿಯ ಹಿಂದಿನ ಮುಖ ಕಾಣದಾಗುವವರೆಗೂ ಕೈ ಬೀಸಿದೆ.

ವಾಪಸು ಬರುವಾಗ ನಾನು ಮತ್ತು ಜೇನ್ ಮಟಾಟು ಹತ್ತಿದೆವು. ಊರಲ್ಲಿ ಓಡಾಡುವ ಆ ಸಣ್ಣ ವ್ಯಾನಿನಲ್ಲಿ ಒಬ್ಬರ ಮೇಲೊಬ್ಬರು ಕೂತ ಹಾಗೆ ಕೂರಬೇಕು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಜೇನ್ ಅಳತೊಡಗಿದಳು. ಸದ್ದಿಲ್ಲದೆ, ಮುಂದೆ ನೋಡುತ್ತಲೇ. ಅವಳ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಕೇಳಿದಳು:

"ನಿಮಗೆ ಮಕ್ಕಳು?"

ಅಷ್ಟು ದಿನವಾದರೂ ಅವಳು ಅದನ್ನು ಕೇಳಿರಲಿಲ್ಲ. ಕೇಳಿದವರಿಗೆಲ್ಲ ನಾನು ಇಲ್ಲ ಎಂದೇ ಹೇಳುತ್ತಿದ್ದೆ.

"ಒಬ್ಬಳು ಮಗಳು," ಅಂದೆ. "ಹುಟ್ಟುವಾಗಲೇ ಹೋದಳು."

"ಪೋಲೆ," ಅಂದಳು ಜೇನ್. ನೊಂದವರಿಗೆ ಇಲ್ಲಿ ಹಾಗೆ ಹೇಳುತ್ತಾರೆ. "ಪೋಲೆ ಸಾನಾ." ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಹೆಸರೇನು?"

ಹೆಸರನ್ನು ಇಡುವುದಕ್ಕೆ ಸಮಯ ಎಲ್ಲಿತ್ತು? ಆದರೆ ಹೆಸರಿತ್ತು. ನಾನು ಬಸುರಿಯಾಗಿದ್ದಾಗ ನಾವಿಬ್ಬರೂ ಆರಿಸಿಕೊಂಡದ್ದು. ಅದನ್ನು ಆಮೇಲೆ ಯಾರೂ ಕೇಳಿರಲಿಲ್ಲ. ನಮ್ಮಮ್ಮ ಕೂಡ.

"ಇಂಚರ," ಅಂದೆ. "ಹಕ್ಕಿಯ ದನಿ ಅಂತ ಅರ್ಥ."

"ಇಂಚಾರಾ," ಅಂದಳು ಜೇನ್, ನಡುವೆ ಎಳೆದು, ಸ್ವಾಹಿಲಿ ಮಾತಿನ ಧಾಟಿಯಲ್ಲಿ.

ಕಂಗೇಮಿ ಬಂತು. ಅವಳು ಇಳಿದು, ಬಾಗಿಲಲ್ಲಿ ನಿಂತವರ ನಡುವಿನಿಂದ ನನ್ನ ಕಡೆ ತಿರುಗಿದಳು. ಈ ಊರಲ್ಲಿ ಹೆಂಗಸರನ್ನು ಮಗುವಿನ ಹೆಸರು ಹಿಡಿದು ಕರೆಯುವುದು ರೂಢಿ. ಸಂತೆಯಲ್ಲಿ ಅವಳು ಎಲ್ಲರಿಗೂ ಮಾಮಾ ವೈರಿಮು, ಅಂದರೆ ವೈರಿಮುವಿನ ತಾಯಿ.

"ಕ್ವಾಹೇರಿ, ಮಾಮಾ ಇಂಚಾರಾ," ಅಂದಳು. ಹೋಗಿ ಬನ್ನಿ ಎಂದು.

ಸಂಜೆ ಶ್ರೀಧರ್ ಮನೆಗೆ ಬಂದರು. ಬೆಂಚಿನ ಮೇಲೆ ಕೂತು ಶೂ ಬಿಚ್ಚುತ್ತ, ಹುಡುಗಿ ಹೊರಟಳಾ ಎಂದು ಕೇಳಿದರು. ಹೊರಟಳು ಅಂದೆ. ಬಸ್ಸಿನ ವಿಷಯ, ಜೇನ್ ಬೈದ ವಿಷಯ, ಕಂಬಳಿಯ ವಿಷಯ ಎಲ್ಲ ಹೇಳಿದೆ. ಆಮೇಲೆ ಹೇಳಿದೆ: "ಜೇನ್ ನಮ್ಮ ಪಾಪುವಿನ ಹೆಸರು ಕೇಳಿದ್ಲು ರೀ. ಹೇಳಿದೆ."

ಅವರ ಕೈ ಶೂ ಲೇಸಿನ ಮೇಲೆ ನಿಂತಿತು.

"ಅವಳ ಬಾಯಲ್ಲಿ ಹೇಗೆ ಬಂತು ಅದು?" ಎಂದು ಕೇಳಿದರು.

"ಇಂಚಾರಾ ಅಂತ. ನಡುವೆ ಎಳೆದು."

"ಇಂಚಾರಾ," ಅಂದರು ಶ್ರೀಧರ್, ಮೆಲ್ಲಗೆ, ಅವಳು ಎಳೆದ ಹಾಗೇ ಎಳೆದು. ಆಮೇಲೆ ನಮ್ಮ ಹಾಗೆ, "ಇಂಚರ" ಅಂದರು. ಇನ್ನೊಂದು ಸಲ ಅಂದರು. ಒಳಗಿನ ಕೋಣೆಯಲ್ಲಿರುವ ಯಾರನ್ನೋ ಊಟಕ್ಕೆ ಕರೆಯುವಷ್ಟು ದನಿ ತೆಗೆದು.